ಎಂಟು ಮಿಲಿಮೀಟರ್ ಖಾಲಿ ಜಾಗ

ಬೆಳಗ್ಗೆಯಿಂದ ಕಂಪ್ಯೂಟರು ದಾರಿ ಹುಡುಕುತ್ತಲೇ ಇತ್ತು. ಸರ್ಕ್ಯೂಟ್ ಬೋರ್ಡಿನ ಮೇಲೆ ಬಿಡಿಭಾಗಗಳನ್ನು ಕೂರಿಸುವುದು ನನ್ನ ಕೆಲಸ. ಅವುಗಳ ನಡುವೆ ತಾಮ್ರದ ಗೆರೆ ಎಳೆಯುವುದು ಅದರ ಕೆಲಸ. ನೂರಾರು ಗೆರೆಗಳನ್ನು ಚಕಚಕನೆ ಎಳೆದ ಮಹರಾಯ, ಕೊನೆಯ ಎರಡಕ್ಕೆ ಬಂದು ತಿಣುಕುತ್ತಿದ್ದ. ಒಂದನ್ನು ಸೇರಿಸಲು ಇನ್ನೊಂದನ್ನು ಅಳಿಸುವುದು, ಅದನ್ನು ಸೇರಿಸಲು ಮತ್ತೆ ಇದನ್ನು ಅಳಿಸುವುದು. ನೋಡಿ ನೋಡಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಅದಕ್ಕಿಂತ ಹೆಚ್ಚಾಗಿ ತಲೆ ತಿನ್ನುತ್ತಿದ್ದವನು ನನ್ನ ಅಣ್ಣ. ಕಾರ್ಖಾನೆ ಅವನದು, ಕಾರ್ಖಾನೆ ಎಂದರೆ ಎರಡು ಕೋಣೆ, ಒಂದು ಶೆಡ್ಡು. ಕಾಲು ಸುಟ್ಟ ಬೆಕ್ಕಿನ ಹಾಗೆ ನನ್ನ ಕುರ್ಚಿಯ ಹಿಂದೆ ಸುತ್ತುತ್ತಿದ್ದ.

“ಆಯ್ತಾ?”

“ಆಗಿದ್ರೆ ಹೇಳ್ತಿರ್ಲಿಲ್ವಾ?”

“ಸಂಜೆಯೊಳಗೆ ಬೋರ್ಡ್ ಮಾಡೋರಿಗೆ ಫೈಲ್ ಹೋಗ್ಲೇಬೇಕು ಕಣೆ. ನಿಮ್ಮತ್ತಿಗೆ ಮತ್ತೆ ಫೋನ್ ಮಾಡಿದ್ಲು.”

ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸು. ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಹಾಸಿಗೆ ಅವರ ವಾರ್ಡಿನಲ್ಲಿ ಒಂದೇ ಇತ್ತು, ಅದರಲ್ಲೇ ಎರಡು ಮಕ್ಕಳನ್ನು ಒತ್ತೊತ್ತಾಗಿ ಮಲಗಿಸಿದ್ದರು. ಎರಡನೆಯ ಹಾಸಿಗೆ ನಮ್ಮಿಂದ ಹೋಗಬೇಕಿತ್ತು, ಈ ಬೋರ್ಡು ಅದಕ್ಕೇ. ಹಾಗಾಗಿ ಅಣ್ಣನನ್ನು ಬಾಯಿ ತುಂಬ ಬೈಯುವುದಕ್ಕೂ ಮನಸ್ಸು ಬರಲಿಲ್ಲ.

ಆದರೆ ಇಕ್ಕಟ್ಟು ಅವನೇ ತಂದದ್ದು. ಬೋರ್ಡಿನ ಒಂದು ಬದಿಗೆ ಗೋಡೆಯ ಕರೆಂಟು ಬರುತ್ತದೆ. ಇನ್ನೊಂದು ಬದಿಯಿಂದ ಹೊರಡುವ ತಂತಿ ಮಗುವಿನ ಮೈಗೆ ಅಂಟಿಕೊಂಡು ಶಾಖ ಅಳೆಯುತ್ತದೆ. ನಡುವೆ ಎಂಟು ಮಿಲಿಮೀಟರ್ ಖಾಲಿ ಬಿಡಬೇಕು, ಅಲ್ಲಿಗೆ ಒಂದು ಗೆರೆಯೂ ಕಾಲಿಡಬಾರದು ಎಂದು ನಾನು ಕಂಪ್ಯೂಟರಿಗೆ ನಿಯಮ ಹಾಕಿದ್ದೆ. ಅಣ್ಣ ನನ್ನನ್ನು ಒಂದು ಮಾತು ಕೇಳದೆ ಬೋರ್ಡು ಕೂರಿಸುವ ತಗಡಿನ ಪೆಟ್ಟಿಗೆಗಳಿಗೆಲ್ಲ ತೂತು ಹೊಡೆಸಿ ತಂದಿದ್ದ. ಆ ತೂತಿಗೆ ಹೊಂದಿಸಲು ಮಗುವಿನ ತಂತಿಯ ಸಾಕೆಟ್ಟನ್ನು ಕರೆಂಟಿನ ಪಕ್ಕಕ್ಕೇ ಒತ್ತರಿಸಬೇಕಾಗಿ, ಕೊನೆಯ ಎರಡು ಗೆರೆಗಳಿಗೆ ದಾರಿಯೇ ಉಳಿಯಲಿಲ್ಲ.

ಮುಖ ತೊಳೆದು ಬರೋಣವೆಂದು ಎದ್ದೆ. ಬಂದು ನೋಡಿದರೆ ಪರದೆಯ ಮೇಲೆ ನೂರಕ್ಕೆ ನೂರು! ತಪ್ಪು ಹುಡುಕುವ ಪರೀಕ್ಷೆಯನ್ನೂ ಅಣ್ಣ ಓಡಿಸಿದ್ದ. ತಪ್ಪುಗಳು ಸೊನ್ನೆ.

“ನೀನು ಎದ್ದಿದ್ದೇ ತಡ, ಮುಗಿಸ್ತು. ಇಷ್ಟು ಹೊತ್ತೂ ನಿನ್ನ ಮುಖ ನೋಡಿ ಹೆದರ್ಕೊಂಡಿತ್ತು. ಫೈಲ್ ಕಳಿಸ್ದೆ.”

ನಾನೂ ನಕ್ಕೆ. ನಿಜ ಹೇಳಬೇಕೆಂದರೆ, ಆ ಸೊನ್ನೆ ನೋಡಿ ಕುಣಿಯುವಷ್ಟು ಖುಷಿಯಾಯಿತು.

ಆದರೆ ಸುಮ್ಮನೆ ಕೂರಲಾಗಲಿಲ್ಲ. ಬೆಳಗ್ಗೆಯಿಂದ ಆಗದ್ದು ಮುಖ ತೊಳೆಯುವಷ್ಟರಲ್ಲಿ ಆಗುವುದೆಂದರೇನು? ಚಿತ್ರವನ್ನು ದೊಡ್ಡದು ಮಾಡಿದೆ. ಖಾಲಿ ಇರಬೇಕಾದ ಜಾಗದಲ್ಲಿ ಎರಡು ಗೆರೆಗಳು ರಾಜಾರೋಷವಾಗಿ ಹಾದುಹೋಗಿದ್ದವು.

“ನಿಯಮ ಮುಟ್ಟಿದ್ಯಾ?”

“ಎಂಟಿದ್ದಿದ್ದನ್ನ ಒಂದು ಮಾಡ್ದೆ, ಅಷ್ಟೇ. ತಪ್ಪಿದ್ರೆ ಪರೀಕ್ಷೇಲಿ ಸಿಕ್ಕಿಬೀಳ್ತಿತ್ತಲ್ಲ?”

“ಅದು ಅಳೆಯೋದೂ ನಾವು ಕೊಟ್ಟ ಅಳತೇಲೇ ಅಣ್ಣ! ನೀನು ಒಂದು ಸಾಕು ಅಂದ್ರೆ ಅದೂ ಸಾಕು ಅನ್ನುತ್ತೆ. ಕರೆಂಟು ಹಾಗನ್ನಲ್ಲ. ಸ್ವಲ್ಪ ತೇವ ಕೂತ್ರೂ ಸಾಕು, ಸೀದಾ ಮಗು ಮೈಗೆ ಹೋಗುತ್ತೆ.”

ಅಣ್ಣನ ಮುಖ ಬಿಳಿಚಿಕೊಂಡಿತು. ನಾನು ತಕ್ಷಣ ಬೋರ್ಡು ತಯಾರಿಸುವವರಿಗೆ ಫೋನ್ ಮಾಡಿದೆ.

“ಈಗಷ್ಟೇ ಕೆಲಸಕ್ಕೆ ತಗೊಂಡ್ವಿ ಮೇಡಂ.”

“ನಿಲ್ಲಿಸಿ. ಆ ಫೈಲ್ ಅಳಿಸಿಬಿಡಿ.”

ಇನ್ನು ಅತ್ತಿಗೆಗೆ ಹೇಳಬೇಕಿತ್ತು. ನಂಬರು ಒತ್ತಿ, ಇಬ್ಬರಿಗೂ ಕೇಳಿಸುವಂತೆ ಮಾಡಿ, ಫೋನನ್ನು ಅಣ್ಣನ ಕೈಗೆ ತುರುಕಿದೆ. ಅವನು ಏನನ್ನೂ ಮುಚ್ಚಿಡಲಿಲ್ಲ. ತೂತು ಹೊಡೆಸಿದ್ದು, ನಿಯಮ ತಿದ್ದಿದ್ದು, ಎಲ್ಲ ಹೇಳಿ, “ಇನ್ನೊಂದು ವಾರ ಆಗುತ್ತೆ” ಎಂದ. ಆ ಕಡೆ ಮಗುವೊಂದು ಸಣ್ಣಗೆ ಅಳುವುದು ಕೇಳಿಸುತ್ತಿತ್ತು.

“ಆಗ್ಲಿ,” ಎಂದರು ಅತ್ತಿಗೆ. “ಮೈ ತಣ್ಣಗಾದ ಮಗೂನ ಎದೆಗೆ ಅಪ್ಕೊಂಡು ಕೂತ್ಕೋತೀನಿ. ಒಂದು ವಾರ ಹೇಗೋ ಆಗುತ್ತೆ. ನೀವು ಮಾತ್ರ ಆ ಕಂಪ್ಯೂಟರ್ ಹತ್ರ ಸುಳೀಬೇಡಿ.”

ಅಣ್ಣ ಫೋನನ್ನು ಮೇಜಿನ ಮೇಲಿಟ್ಟು ಶೆಡ್ಡಿಗೆ ಹೋದ. ತಿರುಗಿ ಬಂದಾಗ ಅವನ ಕೈಯಲ್ಲಿ ಒಂದು ಪೆಟ್ಟಿಗೆ, ಒಂದು ಪೆನ್ಸಿಲ್ಲು. ಎರಡನ್ನೂ ನನ್ನ ಮುಂದೆ ಇಟ್ಟ.

“ತೂತು ಎಲ್ಲಿರ್ಬೇಕಿತ್ತು, ಗುರುತು ಹಾಕ್ಕೊಡೆ,” ಎಂದ.