ನಕ್ಕರೆ ಹೋಯಿತು

ಆ ಬೀದಿಯ ಕ್ಷೌರಿಕನಿಗೆ ಜನ ಇಟ್ಟ ಹೆಸರು ಮಾತಿನಮಲ್ಲ. ತಲೆಯಲ್ಲಿ ನಾಲ್ಕೇ ಕೂದಲಿದ್ದವರೂ ಅವನ ಅಂಗಡಿಗೆ ಬಂದು ಕೂರುತ್ತಿದ್ದರು. ಅವರು ಬರುತ್ತಿದ್ದದ್ದು ಕತ್ತರಿಗಲ್ಲ, ಅವನ ಬಾಯಿಗೆ. ಅಂಥ ಬಾಯಿಗೆ ವರ್ಷದಿಂದ ಬೀಗ ಬಿದ್ದಿತ್ತು. ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ಆದ ಮೇಲೆ ಹೀಗಾಯಿತು ಎಂದು ಎಲ್ಲರಿಗೂ ಗೊತ್ತು, ಯಾಕೆ ಎಂದು ಯಾರಿಗೂ ಗೊತ್ತಿಲ್ಲ.

ಕಾರಣ ಹೇಳಿಕೊಳ್ಳುವಂಥದ್ದಲ್ಲ. ಮತ್ತೆ ಅಂಗಡಿ ತೆರೆದ ಹೊಸದರಲ್ಲೇ ಗಿರಾಕಿಯೊಬ್ಬ ಏನೋ ತಮಾಷೆ ಮಾಡಿದ, ಇವನು ಹೊಟ್ಟೆ ಹಿಡಿದುಕೊಂಡು ನಕ್ಕ, ತೊಡೆಯ ಮೇಲೆ ಬಿಸಿಯಾಗಿ ಇಳಿಯಿತು. ಅವತ್ತು ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಮಾನ ಕಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇವನ ಪಾಲಿಗೆ ನಕ್ಕರೆ ಹೋಯಿತು. ಆಸ್ಪತ್ರೆಯವರು ಕೆಳಗಿನ ಸ್ನಾಯುವನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮ ಹೇಳಿ ಕಳಿಸಿದ್ದರು. ಇವನು ಹಿಡಿಯುವ ಅರ್ಧವನ್ನಷ್ಟೇ ಕಲಿತ. ಎದ್ದಾಗಿನಿಂದ ಮಲಗುವವರೆಗೆ ಹಿಡಿದೇ ಇರುತ್ತಿದ್ದ. ಪ್ಯಾಡ್ ಹಾಕಿಕೊಂಡರೂ ನೆಮ್ಮದಿಯಿಲ್ಲ. ಗಿರಾಕಿ ಮೂಗು ಉಜ್ಜಿಕೊಂಡರೆ ತನ್ನ ವಾಸನೆಯಿಂದಲೇ ಎಂದುಕೊಳ್ಳುತ್ತಿದ್ದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಮೊದಮೊದಲು ನಗು ಬಂದರೆ ಹಲ್ಲು ಕಚ್ಚಿ ತಡೆಯಬೇಕಿತ್ತು. ಆಮೇಲೆ ನಗು ಬರುವುದೇ ನಿಂತಿತು. ಅದರ ಬೆನ್ನಿಗೇ ಸಿಟ್ಟೂ ಹೋಯಿತು, ಅಳುವೂ ಹೋಯಿತು. ನಾಲಿಗೆ ಸುಟ್ಟುಕೊಂಡವನ ಊಟದ ಹಾಗೆ ದಿನಗಳು ರುಚಿಯಿಲ್ಲದೆ ಇಳಿಯುತ್ತಿದ್ದವು. ಪ್ರಾಣಸ್ನೇಹಿತ ತೀರಿಕೊಂಡಾಗ ಹೋಗಿ ನೋಡಿ ಬಂದು, ಬ್ಲೇಡು ಬದಲಾಯಿಸಿ ಮುಂದಿನವನ ಗಡ್ಡ ಹೆರೆದ.

"ಅಪ್ಪಾ, ಏನಾಗಿದೆ ನಿಮಗೆ? ಹೂಂ ಇಲ್ಲ, ಉಹೂಂ ಇಲ್ಲ," ಎಂದು ಮಗಳು ಕೇಳಿ ಕೇಳಿ ಸೋತಳು.

"ವಯಸ್ಸಾಯ್ತಲ್ಲ, ಬಿಡು."

ಮಗಳಿಗೆ ಇನ್ನೊಂದು ತಲೆನೋವೂ ಇತ್ತು. ಅವಳ ಏಳು ವರ್ಷದ ಮಗಳಿಗೆ, ಮನೆಯವರೆಲ್ಲ ಚಿನಕುರುಳಿ ಎಂದು ಕರೆಯುವ ಮಗುವಿಗೆ, ನಕ್ಕರೆ ಚಡ್ಡಿ ಒದ್ದೆಯಾಗುತ್ತಿತ್ತು. ಶಾಲೆಯಲ್ಲಿ ಮಕ್ಕಳು 'ನಲ್ಲಿ' ಎಂದು ಕೂಗುತ್ತಿದ್ದರು. ಡಾಕ್ಟರು ಫಿಸಿಯೋ ಹತ್ತಿರ ಹೋಗಲು ಹೇಳಿದರು. ಮಗಳಿಗೆ ಬೆಳಗಿನ ಪಾಳಿ ಇದ್ದದ್ದರಿಂದ ಮಗುವನ್ನು ಕರೆದುಕೊಂಡು ಹೋಗುವುದು ಅಜ್ಜನ ಪಾಲಿಗೆ ಬಂತು.

ಫಿಸಿಯೋ ಕೋಣೆಯ ಮೇಜಿನ ಮೇಲೆ ಸೊಂಟದ ಮೂಳೆಯ ಪ್ಲಾಸ್ಟಿಕ್ ಮಾದರಿ ಇತ್ತು. ಫಿಸಿಯೋ ಮೇಡಂ ಅದರ ತಳಕ್ಕೆ ಬೆರಳಿಟ್ಟು ತೋರಿಸಿದರು.

"ಇಲ್ಲಿ ಜೋಕಾಲಿ ಥರ ಒಂದು ಸ್ನಾಯು ಇದೆ ಪುಟ್ಟಾ. ಉಚ್ಚೆ ತಡೆಯೋದೂ ಇದೇ, ಬಿಡೋದೂ ಇದೇ. ಎರಡೂ ಬರ್ಬೇಕು ಇದಕ್ಕೆ. ಈಗ್ಲೂ ನಕ್ಕಾಗ ಆಗತ್ತಾ ನಿಂಗೆ?"

"ಇಲ್ಲ. ಸರಿಹೋಯ್ತು. ನಗೋದೇ ಬಿಟ್ಟಿದೀನಿ."

"ಬಿಟ್ಟಿದೀಯಾ? ಅದು ಹೇಗೆ?"

ಮಗು ತುಟಿ ಒತ್ತಿ, ಕಣ್ಣು ಕೆಳಗಿಳಿಸಿ, ಕೆನ್ನೆ ಇಳಿಬಿಟ್ಟು ತೋರಿಸಿತು. ಮಾತಿನಮಲ್ಲ ಆ ಮುಖವನ್ನು ದಿನವೂ ಅಂಗಡಿಯ ಕನ್ನಡಿಯಲ್ಲಿ ನೋಡುತ್ತಿದ್ದ.

"ಅಜ್ಜನ್ನ ನೋಡಿ ಕಲ್ತೆ," ಎಂದಿತು. ಆಮೇಲೆ ಅವನ ಕಿವಿಗೆ ಬಾಯಿಟ್ಟು, "ನಿನ್ನ ಬೀರೂಲಿರೋ ಪ್ಯಾಡ್ ನೋಡಿದೀನಿ. ಯಾರಿಗೂ ಹೇಳಿಲ್ಲ," ಎಂದಿತು.

ನಾಚಿಕೆಯಾಗಬೇಕಿತ್ತು. ದುಃಖವಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂಬುದೇ ಅವನನ್ನು ಹೆದರಿಸಿತು. ಈ ಮಗುವೂ ಹೀಗೇ ಆಗಿಬಿಡುತ್ತದೆ, ಅದೂ ಹಾಲುಹಲ್ಲು ಪೂರ್ತಿ ಬೀಳುವ ಮುಂಚೆ.

"ಮೇಡಂ, ನಂದೂ ಒಂದಿದೆ," ಎಂದ.

ಮಗುವನ್ನು ಹೊರಗೆ ಆಡಲು ಕಳಿಸಿ ಮೇಡಂ ಅವನನ್ನು ಮಲಗಿಸಿ ಪರೀಕ್ಷಿಸಿದರು. "ಯಜಮಾನ್ರೇ, ಹಿಡ್ಕೊಂಡೇ ಇದೀರಲ್ಲ! ಬಿಡಿ."

"ಬಿಟ್ರೆ ಹೋಗತ್ತೆ."

"ಇಡೀ ದಿನ ಹಿಡಿದಿದ್ರೆ ಅದಕ್ಕೂ ಸುಸ್ತಾಗಲ್ವಾ? ಬೇಕಾದಾಗ ಕೈ ಕೊಡತ್ತೆ. ಏನು ಕೆಲ್ಸ ನಿಮ್ದು?"

"ಕಟಿಂಗ್."

"ಮುಚ್ಚಿದ ಕತ್ತರೀಲಿ ಕೂದಲು ಕತ್ತರಿಸ್ತೀರಾ?"

ಹಿಂದೆ ಇಂಥ ಮಾತಿಗೆ ಹತ್ತು ಮಾತು ತಿರುಗಿಸಿ ಕೊಡುತ್ತಿದ್ದ. ಈಗ ಎದ್ದು ಬೆಲ್ಟು ಬಿಗಿದುಕೊಂಡ.

ಅಂದಿನಿಂದ ಅಜ್ಜ ಮೊಮ್ಮಗಳು ಇಬ್ಬರೂ ಊಟದ ಕೋಣೆಯಲ್ಲಿ ಎದುರುಬದುರು ಕೂತು ಉಸಿರೆಳೆದು ಹಿಡಿದು ಬಿಡುವುದನ್ನು ಕಲಿಯತೊಡಗಿದರು. ಹಿಡಿಯುವುದರಲ್ಲಿ ಇಬ್ಬರೂ ಗಟ್ಟಿಗರು. ಬಿಡುವುದು ಬರಲಿಲ್ಲ. ನಗುವಂತೂ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಒಂದು ರಜೆಯ ದಿನ ಅಂಗಡಿಯ ಬಾಗಿಲು ಹಾಕಿಕೊಂಡು, ಮಗುವನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಮುಂಗೂದಲು ಕತ್ತರಿಸುತ್ತಿದ್ದ. ನಗಿಸಲೇಬೇಕೆಂದು ಹಳೆಯ ಕಥೆ ತೆಗೆದ. ಬೋಳುತಲೆಯವನೊಬ್ಬ ಬಂದು "ಬೈತಲೆ ಎಡಕ್ಕೆ ತೆಗಿ" ಎಂದಿದ್ದ, ಇವನು "ಯಾವ ಕಿವಿಯಿಂದ ಶುರು ಮಾಡ್ಲಿ ಸ್ವಾಮಿ?" ಎಂದು ಕೇಳಿದ್ದ. ಮಗು ತುಟಿ ಒತ್ತಿಕೊಂಡಿತು. ದಾರಿ ತೋರಿಸಲೆಂದು ತಾನೇ "ಹಹ್ಹಹ್ಹಾ" ಎಂದ.

"ಅಜ್ಜಾ, ಅದು ನಗುನಾ? ಕುರಿ ಕೆಮ್ಮಿದ ಹಾಗಿದೆ!" ಎಂದ ಮಗು ತನ್ನ ಮಾತಿಗೆ ತಾನೇ ಫಕ್ಕನೆ ನಕ್ಕುಬಿಟ್ಟಿತು. ಹೊದಿಸಿದ ಬಟ್ಟೆಯೊಳಗೆ ಮೈಯೆಲ್ಲ ಕುಲುಕಿತು. ಮರುಕ್ಷಣ ನಗು ನಿಂತಿತು. ಕುರ್ಚಿಯ ಅಂಚಿನಿಂದ, ನೆಲದಲ್ಲಿ ಬಿದ್ದಿದ್ದ ಕೂದಲ ಮೇಲೆ, ತೊಟ್ಟಿಕ್ಕತೊಡಗಿತು. ಕನ್ನಡಿಯಲ್ಲಿ ಮಗುವಿನ ತುಟಿ ಒತ್ತಿಕೊಂಡಿತು, ಕಣ್ಣು ಕೆಳಗಿಳಿಯಿತು, ಕೆನ್ನೆ ಇಳಿಬಿತ್ತು.

ಈ ಮುಖ ಈಗ ಗಟ್ಟಿಯಾದರೆ ಮತ್ತೆ ಸಡಿಲವಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕತ್ತರಿ ಕೆಳಗಿಟ್ಟು ಮಗುವಿನ ಎದುರಿಗೆ ಬಂದು ನಿಂತ. ಉಸಿರೆಳೆದ. ವರ್ಷದಿಂದ ಹಿಡಿದದ್ದನ್ನು ಬಿಟ್ಟ.

ತಡೆಯುವಷ್ಟನ್ನು ಪ್ಯಾಡ್ ತಡೆಯಿತು. ಉಳಿದದ್ದು ಪ್ಯಾಂಟಿನ ಮೇಲೆ ಮೊಣಕಾಲಿನವರೆಗೂ ಹರಡಿತು.

"ನೋಡು, ನಂದೂ," ಎಂದ.

ಮಗು ಪ್ಯಾಂಟು ನೋಡಿತು, ಮುಖ ನೋಡಿತು. "ನೀನು ನಕ್ಕೇ ಇಲ್ವಲ್ಲ!"

"ಇಲ್ಲ. ಹಾಗೇ ಬಿಟ್ಟೆ."

"ಸುಮ್ಸುಮ್ನೇ?" ಎಂದು ಮಗು ಬಾಯಿಗೆ ಕೈ ಅಡ್ಡ ಹಿಡಿಯಿತು. ಬೆರಳ ಸಂದಿಯಿಂದ ನಗು ನುಗ್ಗಿ ಬಂತು, ಬಿದ್ದು ಬಿದ್ದು ನಕ್ಕಿತು, ಒದ್ದೆಯಾದದ್ದರ ಪರಿವೆಯೇ ಇಲ್ಲದೆ ನಕ್ಕಿತು.

ಅವನಿಗೆ ನಗು ಬರಲಿಲ್ಲ. ಆದರೆ ಕಾಲು ಬೆಚ್ಚಗಿತ್ತು, ಬೆಚ್ಚಗಿರುವುದು ಅವನಿಗೆ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆನ್ನೆಯೂ ಬೆಚ್ಚಗಾಯಿತು. ಯಾಕೆಂದು ಅವನು ಕನ್ನಡಿಯತ್ತ ತಿರುಗುವ ಮೊದಲೇ ಮಗು ಬೆರಳು ತೋರಿಸಿತು.

"ಅಜ್ಜಾ, ಮೇಲೂ ಸೋರ್ತಿದೆ."

"ಸೋರ್ಲಿ," ಎಂದ ಮಾತಿನಮಲ್ಲ.