ಬಾಯಿಗೆ ಬಂದ ಹಸಿರು

ನಮ್ಮ ಯಜಮಾನರು ಸೊಣ್ಣಪ್ಪ ರೈಲು ಡ್ರೈವರು. ಈ ಕತೆ ನಡೆದ ವರ್ಷವಷ್ಟೇ ಮೇಲಿನವರು ಡ್ರೈವರ್ ಅನ್ನುವ ಹೆಸರು ತೆಗೆದು ಲೋಕೋ ಪೈಲಟ್ ಎಂದು ಮಾಡಿದ್ದರು. ಮತ್ತಿಗಿರಿಯ ನಮ್ಮ ಬೀದಿಯಲ್ಲಿ ಕೆಲವರು ಇವರಿಗೆ ವಿಮಾನ ಓಡಿಸುವ ಕೆಲಸ ಸಿಕ್ಕಿದೆ ಎಂದು ತಿಳಿದು ಸ್ವಲ್ಪ ದಿನ ಜಾಸ್ತಿ ಮರ್ಯಾದೆ ಕೊಟ್ಟರು. ಇವರೂ ಬೇಡವೆನ್ನಲಿಲ್ಲ. ಹೆಸರು ಬದಲಾದರೇನು, ಬಟ್ಟೆಗೆ ಅದೇ ಡೀಸೆಲ್ ವಾಸನೆ, ಒಗೆಯುವವಳು ನಾನೇ.

ರೈಲು ಓಡಿಸುವವರಲ್ಲಿ ಒಂದು ಪದ್ಧತಿ ಉಂಟು. ಸಿಗ್ನಲ್ ಕಂಡ ಕೂಡಲೇ ಡ್ರೈವರೂ ಅವನ ಅಸಿಸ್ಟೆಂಟೂ ಕೈ ಚಾಚಿ, ಅದರ ಬಣ್ಣವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಕೂಗಿ ಹೇಳಬೇಕು. ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದಲಿ ಎಂದು ಮಾಡಿದ ಏರ್ಪಾಡು. ಒಳ್ಳೆಯದೇ, ನಾನು ಬೇಡ ಎನ್ನುವುದಿಲ್ಲ. ಆದರೆ ಇವರು ವರ್ಷಗಟ್ಟಲೆ ಕೂಗಿ ಕೂಗಿ, ನಿದ್ದೆಯಲ್ಲೂ ಕೈ ಚಾಚಿ "ಹೋಂ ಸಿಗ್ನಲ್ ಗ್ರೀನ್" ಅನ್ನುತ್ತಿದ್ದರು. ಒಂದು ಸಲ ಆ ಕೈ ನನ್ನ ಮೂಗಿನ ಮೇಲೆ ಬಿತ್ತು. ಆಮೇಲೆ ನಾನು ಗೋಡೆಯ ಕಡೆ ಮಲಗುವುದನ್ನು ಕಲಿತೆ.

ಹೊಸೂರಿಗೆ ಮುಂಚೆ ಒಂದು ಪುಟ್ಟ ಸ್ಟೇಷನ್ ಇದೆ. ಅಲ್ಲಿ ಇವರ ಪ್ಯಾಸೆಂಜರ್ ಗಾಡಿಗೆ ಯಾವಾಗಲೂ ಹಸಿರು ದೀಪವೇ. ಆದರೆ ಆ ದಿನ ಮುಂಚೆಯೇ ಹೋಗಬೇಕಿದ್ದ ಒಂದು ಗೂಡ್ಸ್ ಗಾಡಿ ತಡವಾಗಿ ಅಲ್ಲೇ ನಿಂತಿತ್ತು, ದೀಪ ಕೆಂಪಗಿತ್ತು. ಇವರು ಅದನ್ನು ನೋಡಿದರು, ಅಸಿಸ್ಟೆಂಟ್ ಭೈರೇಶನೂ ನೋಡಿದ. ಕಣ್ಣಿಗೆ ಬಿದ್ದದ್ದು ಕೆಂಪು, ಬಾಯಿಗೆ ಬಂದದ್ದು ಹಸಿರು. ಇವರು "ಗ್ರೀನ್" ಎಂದರು, ಭೈರೇಶ "ಗ್ರೀನ್" ಎಂದ, ಇಬ್ಬರೂ ನೆಮ್ಮದಿಯಾಗಿ ಕೆಂಪು ದೀಪ ದಾಟಿದರು. ಮುಂದೆ ಗೂಡ್ಸ್ ಗಾಡಿಯ ಬಾಲ ಕಂಡಾಗಲೇ ಇವರ ಪ್ರಾಣ ಬಾಯಿಗೆ ಬಂತು. ಬ್ರೇಕು ಹಿಡಿಯಿತು, ಗಾಡಿ ನಿಂತಿತು, ಪುಣ್ಯಕ್ಕೆ ಯಾರಿಗೂ ಒಂದು ಗೀರೂ ಆಗಲಿಲ್ಲ. ಟೊಮೆಟೊ ಬುಟ್ಟಿ ಉರುಳಿಸಿಕೊಂಡ ಒಬ್ಬ ಹೆಂಗಸು ಮಾತ್ರ ಇಂಜಿನ್ ತನಕ ನಡೆದು ಬಂದು, ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈದಳಂತೆ. ತೆಲುಗಿನ ಬೈಗುಳವೇ ಜಾಸ್ತಿ ನಾಟಿತು ಎಂದು ಭೈರೇಶ ಆಮೇಲೆ ಹೇಳಿದ.

ಅವತ್ತೇ ಇಬ್ಬರೂ ಸಸ್ಪೆಂಡ್ ಆದರು. ಇವರು ಮನೆಗೆ ಬಂದವರೇ ಜಗಲಿಯ ಮೇಲೆ ಕುಳಿತರು.

"ರತ್ನಾ, ತಪ್ಪು ನಂದೇ ಕಣೆ. ರೆಡ್ ದಾಟಿದ್ರೆ ಕೆಲಸದಿಂದಾನೇ ತೆಗೀತಾರೆ. ಎನ್‌ಕ್ವೈರಿ ಅನ್ನೋದು ಸುಮ್ನೆ ಹೆಸ್ರಿಗೆ."

ಐವತ್ತರ ಹತ್ತಿರದ ಗಂಡಸು, ರೈಲು ಓಡಿಸುವುದು ಬಿಟ್ಟು ಬೇರೇನೂ ಗೊತ್ತಿಲ್ಲ. ಸೈಕಲ್ಲು ಕೂಡ ನೆಟ್ಟಗೆ ಹೊಡೆಯಲು ಬಾರದು. ಇವರನ್ನು ಕರೆದು ಕೆಲಸ ಕೊಡುವವರು ಯಾರು?

ಮಾರನೆಯ ದಿನವೇ ಡ್ರೈವರುಗಳ ಯೂನಿಯನ್ ಸೆಕ್ರೆಟರಿ ಚೆನ್ನಕೇಶವ ಬಂದ. ಎರಡು ಲೋಟ ಕಾಫಿ ಕುಡಿದು ಉಪಾಯ ಹೇಳಿದ.

"ಸೊಣ್ಣಪ್ಪಣ್ಣ, ದೀಪ ಧೂಳು ಹಿಡ್ದು ಮಂಕಾಗಿತ್ತು ಅಂತ ಒಂದ್ಮಾತು ಹೇಳ್ಬುಡಿ. ಮಿಕ್ಕಿದ್ದು ನಾನ್ ನೋಡ್ಕೊತೀನಿ. ಸ್ಟ್ರೈಕ್ ಮಾಡಿ ನಿಮ್ಮನ್ನ ಮತ್ತೆ ಇಂಜಿನ್ ಹತ್ತಿಸ್ತೀವಿ."

ಆ ದೀಪಗಳನ್ನು ಒರೆಸಿ, ರಿಪೇರಿ ಮಾಡಿ ನೋಡಿಕೊಳ್ಳುವವನು ಆವುಲಪ್ಪ. ನಮ್ಮ ಹಿತ್ತಿಲ ಗೋಡೆಯ ಆಚೆ ಅವನ ಮನೆ. ಇವರೂ ಅವನೂ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಮೇಷ್ಟರ ಹತ್ತಿರ ಏಟು ತಿಂದವರು. ಅವನ ಹೆಂಡತಿ ಬೈರಮ್ಮನೂ ನಾನೂ ಗೋಡೆಯ ಮೇಲೇ ಅರ್ಧ ಸಂಸಾರ ಮಾಡಿದ್ದೇವೆ. ನಮ್ಮ ಸಾರಿಗೆ ಕರಿಬೇವು ಅವಳದು, ಅವಳ ಉಪ್ಪಿನಕಾಯಿಗೆ ನಿಂಬೆಹಣ್ಣು ನಮ್ಮದು.

"ಆವುಲಪ್ಪಣ್ಣನ ಗತಿ ಏನು?" ಎಂದೆ.

"ಅವ್ರ ಯೂನಿಯನ್ ಬ್ಯಾರೆ ಅಕ್ಕಾ, ಅವ್ರು ನೋಡ್ಕೊತಾರೆ ಬುಡಿ," ಎಂದ ಚೆನ್ನಕೇಶವ. "ಎನ್‌ಕ್ವೈರಿಗೆ ಮುಂಚೆ ಪೇಪರ್ನೋರ ಮುಂದೆ ನಾನೇ ಹೇಳ್ತೀನಿ. ಅಲ್ಲಿ ತನ್ಕ ಯಾರೂ ಬಾಯಿ ಬಿಡ್ಬ್ಯಾಡಿ."

ಕುಡಿದ ಎರಡು ಲೋಟ ಕಾಫಿಯನ್ನೂ ಕಕ್ಕಿಸಬೇಕು ಅನ್ನಿಸಿತು. ಆದರೆ ನನಗೂ ಎರಡು ಮನಸ್ಸು. ಒಂದು ಕಡೆ ಗೋಡೆಯಾಚೆಯ ಮನೆ, ಇನ್ನೊಂದು ಕಡೆ ನನ್ನ ಮನೆ. ಅತ್ತ ದರಿ, ಇತ್ತ ಪುಲಿ. ಇವರು ನೆಲ ನೋಡುತ್ತಾ ಹೂಂ ಎಂದು ತಲೆ ಅಲ್ಲಾಡಿಸಿದರು. ಅವತ್ತು ಇವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟರು. ಮದುವೆಯಾದಾಗಿನಿಂದ ಹಾಗೆ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಸ್ಟ್ರೈಕ್ ಅಂದರೆ ಗಾಡಿ ನಿಲ್ಲಿಸುವುದಲ್ಲ. ನಿಲ್ಲಿಸಿದರೆ ಜನ ಬೈಯುತ್ತಾರೆ. ಅದಕ್ಕೆ ಈ ಡ್ರೈವರುಗಳದೇ ಒಂದು ದಾರಿ ಉಂಟು: ಊಟ ಬಿಟ್ಟು ಗಾಡಿ ಓಡಿಸುವುದು. ಡ್ಯೂಟಿ ಇರುವವರು ಇಂಜಿನ್ನಿನಲ್ಲೇ ಉಪವಾಸ, ಇಲ್ಲದವರು ಸ್ಟೇಷನ್ ಮುಂದೆ ಪೆಂಡಾಲಿನಲ್ಲಿ ಉಪವಾಸ. ನನಗಂತೂ ಇದು ಮಹಾ ಬುದ್ಧಿವಂತಿಕೆ ಅನ್ನಿಸಲಿಲ್ಲ. ಹೊಟ್ಟೆ ತುಂಬಿದಾಗಲೇ ಕೆಂಪು ಕಾಣದವರಿಗೆ, ಹಸಿದಾಗ ದೀಪವೆಲ್ಲ ಇಡ್ಲಿಯಾಗಿ ಕಾಣದೆ ಇರುತ್ತದೆಯೇ? ಹೇಳಿದೆ. ಯಾರು ಕೇಳುತ್ತಾರೆ!

ಹೊಸೂರು ಸ್ಟೇಷನ್ ಮುಂದೆ ಶಾಮಿಯಾನ ಹಾಕಿದರು, ಮೈಕು ಕಟ್ಟಿದರು. ಕುಟುಂಬದವರೂ ಬರಬೇಕೆಂದು ಹೇಳಿದ್ದರಿಂದ ನಾವು ಹೆಂಗಸರೂ ಒಂದು ಕಡೆ ಚಾಪೆ ಹಾಸಿಕೊಂಡು ಕುಳಿತೆವು. "ಪೋರಾಡುವೋಂ, ಪೋರಾಡುವೋಂ" ಎಂದು ತಮಿಳಿನಲ್ಲಿ ಕೂಗು, ಹಿಂದೆಯೇ "ಹೋರಾಡೋಣ" ಎಂದು ಕನ್ನಡದಲ್ಲಿ. ಯಾರಿಗಾಗಿ ಇಷ್ಟೆಲ್ಲವೋ ಆ ನಮ್ಮ ಯಜಮಾನರನ್ನು ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಬಲಿ ಕೊಡುವ ಮುಂಚಿನ ಟಗರಿನ ಹಾಗೆ ಕಾಣುತ್ತಿದ್ದರು.

ಅಷ್ಟರಲ್ಲಿ ಆವುಲಪ್ಪ ಬಂದ, ಹಿಂದೆಯೇ ಬೈರಮ್ಮ. ಅವನು ನೆಟ್ಟಗೆ ಹೋಗಿ ಇವರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ.

"ನೀನ್ಯಾಕ್ಲಾ ಬಂದೆ? ನಿಂದು ಈ ಯೂನಿಯನ್ ಅಲ್ವಲ್ಲೋ," ಎಂದರು ಇವರು, ಮುಖ ಬಿಳುಚಿಕೊಂಡು.

"ಯೂನಿಯನ್ ಬ್ಯಾರೆ ಆದ್ರೆ ಹೊಟ್ಟೇನೂ ಬ್ಯಾರೇನಾ? ನೀನು ಉಪಾಸ ಕೂತ್ರೆ ನಾನು ಮನೇಲಿ ಮುದ್ದೆ ನುಂಗ್ತಾ ಇರ್ಲಾ? ಬೆಳಗ್ಗಿಂದ ಕಾಫೀನೂ ಕುಡ್ದಿಲ್ಲ ಕಣ್ಲಾ," ಎಂದ ಆವುಲಪ್ಪ.

ಬೈರಮ್ಮ ನನ್ನ ಪಕ್ಕಕ್ಕೆ ಬಂದು, "ಬ್ಯಾಡ ಅಂದ್ರೂ ಕೇಳ್ನಿಲ್ಲ ಅಕ್ಕಾ. ಸೊಣ್ಣನ ಕೆಲಸ ಉಳೀಬೇಕು ಅಂತ ಒಂದೇ ಹಟ," ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಆವುಲಪ್ಪನೋ, ಎಲ್ಲರಿಗಿಂತ ಗಟ್ಟಿಯಾಗಿ ಘೋಷಣೆ ಕೂಗುತ್ತಿದ್ದ. ಅವನ ಒಂದೊಂದು ಕೂಗಿಗೂ ನಮ್ಮವರು ಒಂದೊಂದು ಅಂಗುಲ ಕುಗ್ಗುತ್ತಿದ್ದರು.

ಮಧ್ಯಾಹ್ನ ಪೇಪರಿನವರು ಬಂದರು. ಚೆನ್ನಕೇಶವ ಎದ್ದು, ಮೈಕನ್ನು ಎರಡು ಸಲ ತಟ್ಟಿ, ಗಂಟಲು ಸರಿಮಾಡಿಕೊಂಡ.

"ಸಂಗಾತಿಗಳೇ, ನಮ್ಮ ಸೊಣ್ಣಪ್ಪಣ್ಣ ನಿರಪರಾಧಿ. ನಿಜವಾದ ತಪ್ಪಿತಸ್ಥರು ಯಾರು ಅನ್ನೋದನ್ನ ಇವತ್ತು ಈ ವೇದಿಕೆಯಿಂದ..."

ಮುಂದಿನ ಮಾತು ಅವನ ಬಾಯಿಂದ ಬರುವ ಮೊದಲೇ ಇವರು ಎದ್ದು ಮೈಕು ಕಸಿದುಕೊಂಡರು. ಹಾರ ಕಿತ್ತು ಹೂವೆಲ್ಲ ಚೆಲ್ಲಾಡಿತು.

"ತಪ್ಪಿತಸ್ಥ ನಾನೇ ಕಣ್ರಪ್ಪ! ದೀಪ ಮಂಕಾಗಿರ್ನಿಲ್ಲ. ಹಣ್ ಮೆಣಸಿನಕಾಯಿ ಥರ ಕೆಂಪಗೆ ಉರೀತಿತ್ತು. ನಾನು ನೋಡ್ದೆ, ನೋಡ್ತಾ ನೋಡ್ತಾನೇ ಗ್ರೀನ್ ಅಂದ್ಬುಟ್ಟೆ. ದಿನಾ ಗ್ರೀನ್ ಇರ್ತಿತ್ತು, ಬಾಯಿಗೆ ಅದೇ ಬಂದ್ಬುಡ್ತು. ಆ ದೀಪ ಒರ್ಸೋನು ಇಲ್ಲೇ ಕುಂತವ್ನೆ, ನನಗೋಸ್ಕರ ಹೊಟ್ಟೆ ಕಟ್ಕೊಂಡು. ನನ್ನ ತಪ್ಪನ್ನ ಇವನ ತಲೆ ಮ್ಯಾಲೆ ಎತ್ತಾಕಿ ನಾನು ಗಾಡಿ ಓಡ್ಸಲ್ಲ. ಕೆಲಸ ಹೋದ್ರೆ ಹೋಗ್ಲಿ!"

ನನಗೆ ಕೆಲಸ ಹೋಯಿತಲ್ಲಪ್ಪ ಎಂಬ ಭಯ ಒಂದು ಕಡೆ. ಅಷ್ಟು ಜನರ ಎದುರಿಗೇ ಹೋಗಿ ಇವರ ಕೈ ಹಿಡಿದುಕೊಳ್ಳಬೇಕು ಅನ್ನುವ ಆಸೆ ಇನ್ನೊಂದು ಕಡೆ.

ಆವುಲಪ್ಪನಿಗೆ ವಿಷಯ ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಮೈಕನ್ನು ನೋಡಿದ, ಚೆನ್ನಕೇಶವನನ್ನು ನೋಡಿದ, ಆಮೇಲೆ ನಿಧಾನವಾಗಿ ಎದ್ದು ನಿಂತ. ಈಗ ಹೊಡೆದಾಟವೇ ಎಂದು ಅಕ್ಕಪಕ್ಕದವರು ಜಾಗ ಬಿಟ್ಟು ಸರಿದರು.

"ಅಂದ್ರೆ, ಈ ಉಪಾಸ ನನ್ನ ಮ್ಯಾಲೇನಾ?" ಎಂದ. "ಲೇ ಸೊಣ್ಣ, ಮೊದ್ಲೇ ಹೇಳಿದ್ರೆ ತಿಂದ್ಕೊಂಡಾದ್ರೂ ಬತ್ತಿದ್ನಲ್ಲೋ!"

ಮೊದಲು ನಕ್ಕವಳು ಬೈರಮ್ಮ. ಆಮೇಲೆ ಇಡೀ ಪೆಂಡಾಲು ಬಿದ್ದು ಬಿದ್ದು ನಕ್ಕಿತು. ಪೇಪರಿನವನೂ ಬರೆಯುವುದು ಬಿಟ್ಟು ನಕ್ಕ. ಆವುಲಪ್ಪ ಇವರ ಕೈ ಹಿಡಿದು ಕೂರಿಸಿದ. ಹಿಡಿದ ಕೈ ಬಿಡಲಿಲ್ಲ.

ನಗು ಅಡಗಿದ ಮೇಲೆ ಎಲ್ಲರಿಗಿಂತ ಹಿರಿಯ ಡ್ರೈವರ್ ಗೋಪಾಲಪ್ಪನವರು ಎದ್ದರು. ಜಾಸ್ತಿ ಮಾತಾಡುವವರಲ್ಲ.

"ನಾನೂ ನೋಡೋಕ್ ಮುಂಚೆ ಗ್ರೀನ್ ಅಂದಿದ್ದೀನಿ. ದೇವ್ರು ದೊಡ್ಡೋನು, ಅದು ಗ್ರೀನೇ ಇತ್ತು. ಸೊಣ್ಣಪ್ಪಂಗೂ ನನಗೂ ಅಷ್ಟೇ ವ್ಯತ್ಯಾಸ. ಇನ್ಯಾರ್ಯಾರು ಅಂದಿದ್ದೀರೋ ಕೈ ಎತ್ತಿ."

ಒಂದು ಕೈ ಎದ್ದಿತು, ಇನ್ನೊಂದು ಎದ್ದಿತು. ಕಡೆಗೆ ಕೈ ಎತ್ತದವರನ್ನು ಹುಡುಕಬೇಕಾಯಿತು. ಭೈರೇಶ ಎರಡೂ ಕೈ ಎತ್ತಿದ್ದ.

ಚೆನ್ನಕೇಶವ ಅಷ್ಟು ಹೊತ್ತೂ ನೀರು ಕುಡಿಯುತ್ತಾ ನಿಂತಿದ್ದ. ಈಗ ಮೈಕು ಮತ್ತೆ ಹಿಡಿದು, "ಸಂಗಾತಿಗಳೇ, ಇದನ್ನೇ ನಾನು ಹೇಳ್ಬೇಕು ಅಂತಿದ್ದೆ!" ಎಂದ. ಮತ್ತೆ ನಗು. ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ. ಆದರೆ ಅವನ ತಲೆಯಲ್ಲಿ ಬುದ್ಧಿಯೂ ಇತ್ತು, ಅದನ್ನು ಇಲ್ಲ ಎನ್ನಬಾರದು. ನಿಜ ಹೇಳಿದವನನ್ನು ಮನೆಗೆ ಕಳಿಸಿದರೆ ನಾಳೆ ಯಾವ ಡ್ರೈವರೂ ನಿಜ ಹೇಳುವುದಿಲ್ಲ, ಎಲ್ಲರೂ ದೀಪದ ಮೇಲೆ ಹಾಕುತ್ತಾರೆ, ತಪ್ಪು ತಪ್ಪಾಗಿಯೇ ಉಳಿಯುತ್ತದೆ; ಶಿಕ್ಷೆ ಕೊಡಿ, ಕೆಲಸ ಮಾತ್ರ ತೆಗೆಯಬೇಡಿ ಎಂದು ಅಲ್ಲೇ ಬೇಡಿಕೆ ತಿದ್ದಿದ. ಉಪವಾಸ ಸಂಜೆಯ ತನಕ ನಡೆಯಿತು. ಆವುಲಪ್ಪನೂ ಏಳಲಿಲ್ಲ. "ಈಗ ಇದು ನನ್ನ ಮ್ಯಾಲಲ್ವಲ್ಲ, ಆರಾಮಾಗಿ ಕೂರ್ತೀನಿ," ಎಂದ. ಸಂಜೆ ನಾವು ಹೆಂಗಸರು ಮುದ್ದೆ, ಬಸ್ಸಾರು ಮಾಡಿಕೊಂಡು ಹೋಗಿ ಬಡಿಸಿದೆವು. ನಮ್ಮ ಯಜಮಾನರು ಎಲ್ಲರಿಗಿಂತ ಕಡೆಗೆ ಎಲೆ ಮಡಿಚಿದರು. ಅಬ್ಬಾ, ಈಗ ಇವರು ಇವರಾದರು ಎಂದುಕೊಂಡೆ.

ಎನ್‌ಕ್ವೈರಿಯಲ್ಲೂ ಇವರು ಅದನ್ನೇ ಹೇಳಿದರು. ಗೋಪಾಲಪ್ಪನವರೂ ಇನ್ನು ಕೆಲವರೂ ಒಳಗೆ ಹೋಗಿ, ನಾವೂ ಹಾಗೆ ಕೂಗಿದ್ದೇವೆ ಎಂದು ಬಾಯಿಬಿಟ್ಟು ಹೇಳಿಬಂದರು. ಆ ಧೈರ್ಯ ಸಣ್ಣದಲ್ಲ. ಆರ್ಡರ್ ಬರುವ ತನಕ ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಬಂತು. ಕೆಲಸ ಉಳಿಯಿತು. ಆದರೆ ಪ್ಯಾಸೆಂಜರ್ ಗಾಡಿ ಇಲ್ಲ. ಯಾರ್ಡಿನಲ್ಲಿ ಬೋಗಿಗಳನ್ನು ಅತ್ತಿಂದಿತ್ತ ಎಳೆಯುವ ಸಣ್ಣ ಇಂಜಿನ್ನಿಗೆ ಇವರನ್ನು ಇಳಿಸಿದ್ದರು. ಭೈರೇಶನನ್ನು ಮತ್ತೆ ಟ್ರೈನಿಂಗಿಗೆ ಕಳಿಸಿದರು. ಇವರು ಆರ್ಡರ್ ಓದಿ, ಮಡಿಚಿ, "ಮನೆ ಊಟ ಸಿಗ್ತದೆ ಬುಡು," ಎಂದರು. ನಗುತ್ತಲೇ ಹೇಳಿದರು, ಆದರೆ ಆಮೇಲೆ ಪ್ಯಾಸೆಂಜರ್ ಗಾಡಿ ಕೂಗಿದಾಗಲೆಲ್ಲ ಇವರ ತಲೆ ಆ ಕಡೆ ತಿರುಗುವುದನ್ನು ನಾನು ನೋಡಿದ್ದೇನೆ. ಇವರಿಗೆ ನೋವಾಗಿತ್ತು.

ಒಂದು ದಿನ ಬೈರಮ್ಮನೂ ನಾನೂ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದೆವು. ಸರದಿಯಲ್ಲಿ ಮುಂದೆ ನಿಂತಿದ್ದ ರುಕ್ಮಿಣಮ್ಮ ನಮ್ಮ ಬೀದಿಯ ಕೊನೆಯ ಮನೆಯವಳು. ಊರಿನ ಸುದ್ದಿ ಇಲ್ಲದೆ ಅವಳಿಗೆ ಅನ್ನ ಇಳಿಯುವುದಿಲ್ಲ.

"ಏನ್ ಮುನಿರತ್ನಮ್ಮ, ನಿಮ್ಮೋರ್ನ ದೊಡ್ಡ ಗಾಡಿಯಿಂದ ಇಳಿಸ್ಬುಟ್ರಂತೆ?" ಎಂದಳು, ಎಲ್ಲರಿಗೂ ಕೇಳಿಸುವ ಹಾಗೆ.

ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೆ. ಏನೇನು ಹೇಳಬೇಕೆಂದು ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅಷ್ಟರಲ್ಲಿ ಬೈರಮ್ಮ ತನ್ನ ರಾಗಿ ಚೀಲವನ್ನು ಧೊಪ್ಪನೆ ಕೆಳಗಿಟ್ಟಳು.

"ಯಾರೂ ಇಳಿಸ್ಲಿಲ್ಲ ಕಣಮ್ಮ. ಅಣ್ಣ ಅವ್ರಾಗೇ ಇಳಿದ್ರು. ಅವ್ರು ಇಳೀದಿದ್ರೆ ನಮ್ಮನೆಯೋರ್ನ ಇಳಿಸ್ತಿದ್ರು."

ಮಿಲ್ಲಿನ ಆ ಸದ್ದಿನಲ್ಲೂ ಅದು ಎಲ್ಲರಿಗೂ ಕೇಳಿಸಿತು. ರುಕ್ಮಿಣಮ್ಮ ಪಾಪ, ತನ್ನ ಹಿಟ್ಟಿನ ಡಬ್ಬದ ಮುಚ್ಚಳ ಹುಡುಕತೊಡಗಿದಳು. ಬೀದಿಯಲ್ಲಿ ನನ್ನಷ್ಟು ಬಾಯಿ ಯಾರಿಗೂ ಇಲ್ಲ ಎನ್ನುತ್ತಾರೆ. ಆ ಹೊತ್ತು ನಾನು ಸಿಕ್ಕಿಸಿಕೊಂಡಿದ್ದ ಸೆರಗನ್ನು ಬಿಡಿಸಿಕೊಂಡೆ. ನನ್ನ ಗಂಡನನ್ನು ನೆನೆದು ಅಷ್ಟು ಹೆಮ್ಮೆ ನನಗೆ ಹಿಂದೆ ಎಂದೂ ಆಗಿರಲಿಲ್ಲ. ಹಿಟ್ಟು ಬೀಸಿಸಿಕೊಂಡು ಹೊರಟಾಗ ಬೈರಮ್ಮ ಬೇಡ ಬೇಡ ಎಂದರೂ ಕೇಳದೆ ಅವಳ ಚೀಲವನ್ನೂ ನಾನೇ ಹೊತ್ತುಕೊಂಡು ಮನೆಗೆ ನಡೆದೆ.