ಐದು ತೊಲದ ಅಂಜುಬುರುಕ

ನನ್ನ ತೂಕ ಐದು ತೊಲ. ಧೈರ್ಯ ಮಾತ್ರ ಒಂದು ಗುಂಜಿಯಷ್ಟೂ ಇಲ್ಲ. ನಾನು ಹಿತ್ತಾಳೆಯ ಒಂದು ತೂಕದ ಬಟ್ಟು, ಬಂಗಾರ ತೂಗಲೆಂದು ಹುಟ್ಟಿದವನು. ಕೈಗೆತ್ತಿಕೊಂಡವರೆಲ್ಲ "ಎಷ್ಟು ಗಟ್ಟಿ ಇದೆಯಲ್ಲ" ಎನ್ನುತ್ತಾರೆ. ಒಳಗೆ ನಾನೆಂಥ ಪುಕ್ಕಲ ಎಂಬುದು ಅವರಿಗೇನು ಗೊತ್ತು?

ಮೊದಲ ಹೆದರಿಕೆ ಬೆಂಕಿಯದು. ಕುಲುಮೆಯಲ್ಲಿ ಕರಗಿ, ಮಣ್ಣಿನ ಅಚ್ಚಿಗೆ ಬಿದ್ದು, ತಣ್ಣಗಾದ ಮೇಲೆ ನನಗೊಂದು ಆಕಾರ ಬಂತು. ಆಮೇಲೆ ಅರದಿಂದ ಉಜ್ಜಿದರು, ತಕ್ಕಡಿಗೆ ಹಾಕಿ ನೋಡಿದರು, ಮತ್ತೆ ಉಜ್ಜಿದರು. ಒಂದು ಚೂರು ಹೆಚ್ಚು ಉಜ್ಜಿದ್ದರೆ ನಾನು ಹುಟ್ಟುತ್ತಲೇ ಸುಳ್ಳುಗಾರನಾಗಿ ವಾಪಸ್ಸು ಕುಲುಮೆಗೇ ಹೋಗುತ್ತಿದ್ದೆ. ಆಗ ಹತ್ತಿದ ನಡುಕ ಇನ್ನೂ ಬಿಟ್ಟಿಲ್ಲ.

ಗಜೇಂದ್ರಗಡದ ಕಾಳಪ್ಪ ಪತ್ತಾರರು ನನ್ನನ್ನು ಕೊಂಡರು. ಅವರು ಅಕ್ಕಸಾಲಿಗರು. ವರ್ಷಕ್ಕೊಮ್ಮೆ ಸರಕಾರದ ಇನ್‌ಸ್ಪೆಕ್ಟರು ಬಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತೂಗಿ, ಸರಿಯಿದ್ದವರ ಮೇಲೆ ಮುದ್ರೆ ಒತ್ತುತ್ತಿದ್ದರು. ಆ ದಿನ ಕಾಳಪ್ಪನವರಿಗಿಂತ ನನಗೇ ಹೆಚ್ಚು ಬಾಯಿ ಒಣಗುತ್ತಿತ್ತು. ಹಾಗೂ ಹೀಗೂ ಪಾಸಾದೆ. ಅಷ್ಟರಲ್ಲಿ ಗ್ರಾಮಿನ ಲೆಕ್ಕ ಬಂತು, ತೊಲದ ಬಟ್ಟುಗಳಿಗೆ ಕೆಲಸವಿಲ್ಲದಾಯಿತು. ನನ್ನ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಗುಜರಿಗೆ ಹೋದರು. ನಾನೊಬ್ಬನೇ ಉಳಿದೆ. ಕಾಳಪ್ಪನವರು ಬೆಳಿಗ್ಗೆ ಕೆಲಸಕ್ಕೆ ಕೂಡುವ ಮುಂಚೆ ನನ್ನನ್ನು ಎತ್ತಿ, ಕಣ್ಣು ಮುಚ್ಚಿ, ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಕಣ್ಣಿಗೆ ಒತ್ತಿಕೊಂಡದ್ದನ್ನು ಗುಜರಿಗೆ ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಹಾಗೆ ನಾನು ಪುಕ್ಕಟೆ ದೇವರಾದೆ.

ಅವರ ಕಾಲ ಮುಗಿದ ಮೇಲೆ ಮಗ ಮೌನೇಶರ ಕಿಸೆಗೆ ಬಂದೆ. ಮೌನೇಶರು ಹುಬ್ಬಳ್ಳಿಯಲ್ಲಿ ಮನೆ ಮಾಡಿದ್ದರು. ಕೈಯಲ್ಲಿ ಒಳ್ಳೆಯ ಕಸುಬಿತ್ತು, ಆದರೆ ಯಂತ್ರದಲ್ಲಿ ಮಾಡಿದ ಒಡವೆ ಬಂದು ಕಸುಬಿಗೆ ಕಲ್ಲು ಬಿತ್ತು. ಕೊನೆಗೆ ಒಂದು ದೊಡ್ಡ ಒಡವೆ ಅಂಗಡಿಯಲ್ಲಿ ಕೊಂಡಿ ಕೂಡಿಸುವ, ಉಂಗುರ ಸಡಿಲಿಸುವ ಕೆಲಸ ಹಿಡಿದರು. ಆ ಬೇಸರದಲ್ಲೇ ಅವರಿಗೆ ಪೋಕರ್ ಎಂಬ ಇಸ್ಪೀಟಿನ ಆಟ ಹತ್ತಿದ್ದು. ಹತ್ತಿದ್ದಷ್ಟೇ ಅಲ್ಲ, ಬಂತು ಕೂಡ. ಎದುರಿನವನ ಉಸಿರು ನೋಡಿ ಅವನ ಕೈಯಲ್ಲಿ ಎಂಥ ಎಲೆ ಇದೆ ಎಂದು ಹೇಳಬಲ್ಲವರಾಗಿದ್ದರು.

ಆ ಆಟದಲ್ಲಿ ನನಗೂ ಒಂದು ನೌಕರಿ ಸಿಕ್ಕಿತು. ಪ್ರತಿಯೊಬ್ಬರಿಗೂ ಎರಡೆರಡು ಎಲೆಗಳನ್ನು ಮಗುಚಿ ಹಂಚುತ್ತಾರೆ. ಬೇಡವೆಂದವರು ತಮ್ಮ ಎಲೆಗಳನ್ನು ಹಂಚುವವರತ್ತ ಎಸೆಯುತ್ತಾರೆ, ಹಂಚುವವರು ಬಳಿದು ರಾಶಿಗೆ ಸೇರಿಸುತ್ತಾರೆ. ರಾಶಿಗೆ ಹೋದ ಎಲೆ ಸತ್ತಂತೆ, ಯಾರೂ ವಾಪಸ್ಸು ತೆಗೆಯುವ ಹಾಗಿಲ್ಲ. ನಮ್ಮ ಎಲೆ ಅಪ್ಪಿತಪ್ಪಿ ಹಾಗೆ ಹೋಗದಿರಲೆಂದು ಮೇಲೊಂದು ಭಾರದ ವಸ್ತು ಇಡುವ ರೂಢಿಯಿದೆ. ಆ ವಸ್ತು ನಾನು. ಹೆದರುಪುಕ್ಕಲನನ್ನು ಕಾವಲಿಗೆ ನಿಲ್ಲಿಸಿದರು!

ಗೋವಾದ ದೊಡ್ಡ ಪಂದ್ಯಕ್ಕೆ ಹೊರಟ ದಿನ ಮೌನೇಶರ ಹೆಂಡತಿ ಗಿರಿಜಾ ಬಾಗಿಲಲ್ಲಿ ನಿಂತರು.

"ರೀ, ಒಂದ್ ಮಾತ ಕೇಳ್ರಿ. ನಾಕ ವರ್ಷ ಆತು, ಮನಿಯಾಗ ಇದ್ರೂ ನೀವು ಮನಿಯಾಗ ಇರೂದಿಲ್ಲ. ಈ ಸಲ ಬಹುಮಾನದ ಪಟ್ಟಿಯಾಗ ಬಂದ್ರ ಆಡಕೋತ ಇರ್ರಿ, ನಾ ತುಟಿ ಪಿಟ್ಟ ಅನ್ನಂಗಿಲ್ಲ. ಬರಲಿಲ್ಲಂದ್ರ ಇನ್ನ ಎಲಿ ಮುಟ್ಟಬ್ಯಾಡ್ರಿ."

"ಅದೊಂದರಾಗ ನಾ ಛಲೋ ಅದೀನಿ, ಗಿರಿಜಾ."

"ಹಂಗಾರ ತೋರಸ್ರಿ. ಆಣಿ ಮಾಡ್ರಿ."

ಮೌನೇಶರು ನನ್ನನ್ನು ಮುಷ್ಟಿಯಲ್ಲಿ ಹಿಡಿದು ಆಣೆ ಮಾಡಿದರು.

ಹೋಟೆಲಿನ ಆ ಹಾಲಿಗೆ ಒಂದು ಕಿಟಕಿಯೂ ಇರಲಿಲ್ಲ. ಆರುನೂರು ಜನ. ಪ್ರತಿಯೊಬ್ಬರೂ ಪಣಕ್ಕೆ ಒಡ್ಡುವ ಬಿಲ್ಲೆಗಳನ್ನು ಬೆರಳಲ್ಲಿ ಆಡಿಸುತ್ತಿದ್ದರು. ಹೊಲಕ್ಕೆ ಮಿಡತೆ ಬಿದ್ದ ಹಾಗೆ ಕಟಕಟ ಸದ್ದು. ಬಿಲ್ಲೆ ಮುಗಿದವನು ಎದ್ದು ಹೋಗಬೇಕು, ಅಷ್ಟೇ ನಿಯಮ. ನಗುತ್ತಾ ಬಂದವರು ಕುರ್ಚಿ ಹಿಂದೆ ತಳ್ಳಿ ಏಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಪ್ರತಿ ಸಲ ಕುರ್ಚಿ ಕಿರ್ರೆಂದಾಗ, ಮುಂದಿನದು ನಮ್ಮದೇ ಎಂದು ನಾನು ಎಲೆಗಳ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂಡುತ್ತಿದ್ದೆ.

ಮೊದಲ ದಿನ ದಾಟಿತು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತಮೂರು ಜನ ಉಳಿದರು. ಬಹುಮಾನ ಎಪ್ಪತ್ತೆರಡು ಜನರಿಗೆ. ಇನ್ನೊಬ್ಬರು ಎದ್ದರೆ ಸಾಕು, ಉಳಿದವರೆಲ್ಲ ಪಟ್ಟಿಯಲ್ಲಿ. ಆದರೆ ಎದ್ದವನಿಗೆ ಎರಡು ದಿನದ ಆಟವೆಲ್ಲ ನೀರಲ್ಲಿ ಹೋಮ.

ನಮ್ಮ ಮೇಜಿನಲ್ಲಿ ಎಲೆ ಹಂಚುತ್ತಿದ್ದವಳು ಶರ್ಮಿಳಾ ತಾಂಡೇಲ, ಕಾರವಾರದ ಹುಡುಗಿ. ಮೌನೇಶರು ಅವಳ ಎಡ ಮಗ್ಗುಲಿಗೇ ಕೂತಿದ್ದರು. ಬೆಳಿಗ್ಗೆ ಅವಳೊಂದು ಎಲೆಯನ್ನು ತಪ್ಪಿ ತೆರೆದಿದ್ದಳು. ಮೇಲ್ವಿಚಾರಕ ಎಲ್ಲರೆದುರೇ, ಇನ್ನೊಂದು ತಪ್ಪಾದರೆ ಮನೆಗೆ ಹೋಗು ಎಂದು ಗದರಿದ್ದ. ಆಗಿನಿಂದ ಅವಳ ಬೆರಳುಗಳು ನಡುಗುತ್ತಿದ್ದವು. ನನಗೆ ನಡುಕ ಬೇಗ ಗುರುತು ಸಿಗುತ್ತದೆ.

"ಹೆದರಬ್ಯಾಡವ್ವಾ, ನಿಧಾನಕ್ಕ ಹಂಚು" ಎಂದಿದ್ದರು ಮೌನೇಶರು.

"ಆಯ್ತು ಸರ್" ಎಂದು ಅವಳು ಸಣ್ಣಗೆ ನಕ್ಕಿದ್ದಳು.

ಆಗ ಆ ಎಲೆಗಳು ಬಂದವು. ಮೌನೇಶರು ಮೂಲೆ ಎತ್ತಿ ನೋಡಿದರು, ನಾನೂ ನೋಡಿದೆ. ಎರಡು ರಾಜರು. ಅದಕ್ಕಿಂತ ದೊಡ್ಡ ಜೋಡಿ ಎಕ್ಕಗಳದ್ದೊಂದೇ. ಮೌನೇಶರ ಬಿಲ್ಲೆಗಳು ಕರಗುತ್ತಾ ಬಂದಿದ್ದವು. ಇಂಥ ಎಲೆ ಬಂದಾಗಲೂ ಹೆದರಿ ಕೂತರೆ ಆಡಲು ಬಂದದ್ದಾದರೂ ಯಾಕೆ? ಇದ್ದದ್ದನ್ನೆಲ್ಲ ಮುಂದೆ ತಳ್ಳಿದರು. ಎದುರಿನ ಯುವಕನೊಬ್ಬ ಅಷ್ಟೇ ಬಿಲ್ಲೆ ಸುರಿದು ಒಪ್ಪಿಕೊಂಡ. ಕೊನೆಯ ಕುರ್ಚಿಯ ಕನ್ನಡಕದವರು ಮಾತ್ರ ಯೋಚಿಸುತ್ತಾ ಕೂತರು. ಅವರು ತೀರ್ಮಾನ ಹೇಳುವವರೆಗೆ ಯಾರೂ ಎಲೆ ತೆರೆಯುವಂತಿಲ್ಲ. ಇಡೀ ಮೇಜು ಅವರನ್ನೇ ನೋಡುತ್ತಿತ್ತು.

ಆಗ ಮೌನೇಶರು ಅಪ್ಪನ ಹಾಗೆ ನನ್ನನ್ನು ಎತ್ತಿದರು. ಕಣ್ಣು ಮುಚ್ಚಿದರು. ಬೇಡ, ಬೇಡ ಎಂದು ನಾನು ಕೂಗಿಕೊಂಡೆ. ಹಿತ್ತಾಳೆಯ ಕೂಗು ಯಾರಿಗೆ ಕೇಳಬೇಕು? ಬಲಗಣ್ಣಿಗೆ ಒತ್ತಿಕೊಂಡರು. ಎಡಗಣ್ಣಿಗೆ ಒತ್ತಿಕೊಳ್ಳುವಾಗ ಕನ್ನಡಕದವರು ಬೇಡವೆಂದು ಎಲೆ ಎಸೆದರು. ಶರ್ಮಿಳಾ ಕೈ ಚಾಚಿ ಬಳಿದಳು. ಅವಳ ಕೈ ಕಾವಲಿಲ್ಲದೆ ಬಿದ್ದಿದ್ದ ನಮ್ಮ ಎಲೆಗಳನ್ನೂ ಕೂಡಿಸಿಕೊಂಡು ರಾಶಿಗೆ ಸೇರಿಸಿಬಿಟ್ಟಿತು.

ಮೌನೇಶರು ಕಣ್ಣು ತೆರೆಯುವ ಮುಂಚೆಯೇ ನನ್ನನ್ನು ಕೆಳಗಿಟ್ಟರು. ನನ್ನ ಕೆಳಗೆ ಮೇಜಿನ ಹಸಿರು ಬಟ್ಟೆಯಷ್ಟೇ ಇತ್ತು.

"ಅವ್ವಾ, ನನ್ನ ಎಲಿ!"

ಶರ್ಮಿಳಾ ರಾಶಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕೈ ಎತ್ತಿ ಮೇಲ್ವಿಚಾರಕನನ್ನು ಕರೆದಳು.

ಮೇಲ್ವಿಚಾರಕ ಬಂದ. ಅಲ್ಲಿಯ ನಿಯಮವನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದ. ಎಲೆಗಳ ಮೇಲೆ ಕಾವಲಿದ್ದೂ ಹಂಚುವವಳು ಎಳೆದುಕೊಂಡಿದ್ದರೆ ತಪ್ಪು ಅವಳದು, ಬಿಲ್ಲೆಗಳೆಲ್ಲ ವಾಪಸ್ಸು. ಕಾವಲು ಇರದಿದ್ದರೆ ತಪ್ಪು ಆಟಗಾರನದು, ಬಿಲ್ಲೆಗಳೆಲ್ಲ ಒಪ್ಪಿಕೊಂಡ ಯುವಕನಿಗೆ. ಮೇಜಿನವರನ್ನು ಕೇಳಿದರೆ ಯಾರೂ ನೋಡಿರಲಿಲ್ಲ. ಕ್ಯಾಮೆರಾ ಹಾಲಿನ ನಡುವಿನ ಮೇಜಿಗಷ್ಟೇ ಇತ್ತು, ನಮ್ಮದಕ್ಕಿರಲಿಲ್ಲ.

"ನಂಗೆ ಗೊತ್ತಾಗ್ಲಿಲ್ಲ ಸರ್" ಎಂದಳು ಶರ್ಮಿಳಾ. "ಇತ್ತೋ ಇಲ್ವೋ, ನಾನು ನೋಡ್ಲೇ ಇಲ್ಲ."

ಮೇಲ್ವಿಚಾರಕ ಮೌನೇಶರತ್ತ ತಿರುಗಿದ. ಬಟ್ಟು ಎಲೆಗಳ ಮೇಲಿತ್ತೇ?

ನಾನು ಮೇಜಿನ ಮೇಲೆ, ಎಲೆಗಳಿರಬೇಕಾದ ಜಾಗದಲ್ಲೇ ಕೂತಿದ್ದೆ. ನನ್ನನ್ನು ನೋಡಿದವರು ಯಾರಾದರೂ ಹೌದು, ಇತ್ತು ಎಂದೇ ನಂಬುತ್ತಿದ್ದರು. ಕುಲುಮೆ, ಇನ್‌ಸ್ಪೆಕ್ಟರು, ಗುಜರಿ ಎಲ್ಲವನ್ನೂ ಕಂಡವನು ನಾನು. ಆದರೆ ಅಂಥ ಭಯ ಅದುವರೆಗೆ ಬಂದಿರಲಿಲ್ಲ. ಇತ್ತು ಎಂದರೆ ಆಟ ಉಳಿಯುತ್ತದೆ, ಹುಡುಗಿಯ ಅನ್ನ ಹೋಗುತ್ತದೆ. ಇರಲಿಲ್ಲ ಎಂದರೆ ಆಣೆಯ ಪ್ರಕಾರ ಅವರ ಆಟ ಇವತ್ತಿಗೇ ಮುಗಿಯಿತು. ಮೌನೇಶರ ಹಣೆಯಿಂದ ಒಂದು ಬೆವರ ಹನಿ ನನ್ನ ತಲೆಯ ಮೇಲೆ ಬಿತ್ತು. ನಿಜ ಹೇಳುತ್ತೇನೆ, ಸುಳ್ಳು ಹೇಳಿಬಿಡಲಿ ಎಂದು ನನಗೂ ಒಂದು ಗಳಿಗೆ ಅನಿಸಿತು.

"ಇರಲಿಲ್ಲ" ಎಂದರು ಮೌನೇಶರು. "ನಾನ ಎತ್ತಿದ್ದೆ. ಹುಡುಗೀದು ತಪ್ಪಿಲ್ಲ."

ಕುರ್ಚಿ ಕಿರ್ರೆಂದಿತು. ಉಳಿದ ಎಪ್ಪತ್ತೆರಡು ಜನ ಬಹುಮಾನ ಸಿಕ್ಕಿತೆಂದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆಯೇ ನಾವು ಹೊರಗೆ ನಡೆದೆವು.

ಹೋಟೆಲಿನ ಎದುರಿನ ನದಿಯ ದಂಡೆಯಲ್ಲಿ ಮೌನೇಶರು ಬಹಳ ಹೊತ್ತು ನಿಂತರು. ನಾನು ಅವರ ಮುಷ್ಟಿಯಲ್ಲಿದ್ದೆ. ಎರಡು ಸಲ ಕೈ ಎತ್ತಿದರು. ಕೆಳಗೆ ಕಪ್ಪು ನೀರು ಕಾಣುತ್ತಿತ್ತು. ನನ್ನಿಂದಲೇ ಕೆಟ್ಟಿತೆಂದು ಅವರಿಗೆ ಅನಿಸಿದ್ದರೆ ನಾನು ದೂರುವಂತಿರಲಿಲ್ಲ. ಯಾಕೆ ಎಸೆಯಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಿಸೆಗೆ ಹಾಕಿಕೊಂಡು ಬಸ್ ಹತ್ತಿದರು.

ಮನೆಯಲ್ಲಿ ಗಿರಿಜಾ ಎಲ್ಲವನ್ನೂ ಕೇಳಿದರು. ಕೊನೆಗೆ,

"ಯಾರೂ ನೋಡಿರಲಿಲ್ಲೇನು?" ಎಂದರು.

"ಇಲ್ಲ."

ಗಿರಿಜಾ ಸೆರಗಿನಿಂದ ಮುಖ ಒರೆಸಿಕೊಂಡರು. ಆಣೆ ಮಾಡಿಸಿದ್ದು ತಾವೇ ಎಂಬುದು ಅವರನ್ನು ಚುಚ್ಚುತ್ತಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

"ಎಲಿ ಎಂಥವಿದ್ವು? ಛಲೋ ಇದ್ವೇನು? ಗೆಲ್ಲತಿದ್ರೇನು?"

ಆ ಎರಡು ರಾಜರನ್ನು ನೋಡಿದವರು ಜಗತ್ತಿನಲ್ಲಿ ನಾವಿಬ್ಬರೇ.

ಮೌನೇಶರು ಹೆಂಡತಿಯ ಮುಖ ನೋಡಿ ನಕ್ಕರು.

"ಏ, ಬಿಡ. ಹಾಳುಮೂಳು ಎಲಿ. ಹೆಂಗಿದ್ರೂ ಸೋಲತಿದ್ದೆ."

ಗಿರಿಜಾ ಸಮಾಧಾನದ ಉಸಿರು ಬಿಟ್ಟು ಚಹಾಕ್ಕೆ ನೀರಿಡಲು ಒಳಗೆ ಹೋದರು. ಇದಾಗಿ ಎಷ್ಟೋ ವರ್ಷವಾಯಿತು. ಮೌನೇಶರು ಎಲೆ ಮುಟ್ಟಿಲ್ಲ. ಈಗ ನಾನು ಕಪಾಟಿನ ಮೂಲೆಯಲ್ಲಿ ಮುದುಕನಾಗಿ ಕೂತಿದ್ದೇನೆ. ಗಿರಿಜಾ ಧೂಳು ಒರೆಸಲು ನನ್ನನ್ನು ಕೈಗೆತ್ತಿಕೊಂಡಾಗಲೆಲ್ಲ, ಎಲ್ಲಿ ಬಾಯಿ ಬಿಟ್ಟುಬಿಡುತ್ತೇನೋ ಎಂದು ಉಸಿರು ಬಿಗಿಹಿಡಿಯುತ್ತೇನೆ.